ಗಿರಣಿ ಕೂರಿಸುವ ಮೊದಲು ಕಾಗದ
(ಒಬ್ಬರೇ ಮಾಲೀಕರಾಗಿ ಸಣ್ಣ ಉದ್ದಿಮೆ ಹೂಡುವ ರೈತರಿಗೆ ಒಂದು ಪಾಠ)



ರಾಗಿ ಬೆಳೆಯುವ ನಮ್ಮ ಕಡೆ ಹಿಟ್ಟಿನ ಗಿರಣಿ ಇಲ್ಲದ ಊರಿನವರಿಗೆ ಎಷ್ಟು ಕಷ್ಟವೆಂಬುದು ನಿಮಗೆ ತಿಳಿದೇ ಇದೆ. ಹತ್ತು ಸೇರು ರಾಗಿಯನ್ನು ತಲೆಯ ಮೇಲೆ ಹೊತ್ತು ಪಕ್ಕದ ಊರಿಗೆ ಹೋಗಬೇಕು, ವಿದ್ಯುತ್ತಿಗಾಗಿ ಕಾಯಬೇಕು, ಕತ್ತಲೆಯಾದ ಮೇಲೆ ಮನೆ ಸೇರಬೇಕು. ಆದುದರಿಂದ ಊರಿನ ಒಬ್ಬ ಹಿರಿಯ ರೈತರು ನನ್ನನ್ನು ಕಂಡು, "ಸಾರ್, ನಾನೇ ಒಂದು ಗಿರಣಿ ಹಾಕೋಣ ಅಂತಿದ್ದೀನಿ, ಏನೇನು ಬೇಕು?" ಎಂದು ಕೇಳಿದಾಗ ನನಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲಿ ಒಂದು ತಪ್ಪು ಮಾತನ್ನೂ ಆಡಿದೆ. "ಯಜಮಾನರೇ, ಮೊದಲು ಶುರು ಮಾಡಿ, ಕಾಗದಪತ್ರ ಆಮೇಲೆ ನೋಡೋಣ" ಎಂದೆ.

ಅವರು ಸಾಲ ಮಾಡಿ ಯಂತ್ರ ತಂದರು. ಹೊಲದ ಅಂಚಿನಲ್ಲಿ ತಗಡಿನ ಮನೆ ಕಟ್ಟಿ, ಪಕ್ಕದ ಕೊಳವೆಬಾವಿಯ ಪಂಪ್‌ಸೆಟ್ಟಿನ ತಂತಿಯಿಂದಲೇ ಗಿರಣಿಗೆ ವಿದ್ಯುತ್ ಎಳೆದರು. ನಾಲ್ಕು ತಿಂಗಳು ಗಿರಣಿ ಚೆನ್ನಾಗಿ ನಡೆಯಿತು. ಐದನೆಯ ತಿಂಗಳಲ್ಲಿ ವಿದ್ಯುತ್ ಕಂಪನಿಯವರು ತಪಾಸಣೆಗೆ ಬಂದರು. ಸಂಪರ್ಕ ಕಡಿದುಹೋಯಿತು, ದಂಡದ ಲೆಕ್ಕ ಮನೆಗೆ ಬಂತು. ಗಿರಣಿ ಧೂಳು ಹಿಡಿದು ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಅವರು ಕರೆಯುವ ಎರಡು ಹಸುಗಳನ್ನು ಮಾರಿದರು.

ನಾನು ಕೃಷಿ ಡಿಪ್ಲೊಮಾ ಓದಿದವನು. ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿರೆಂದು ಊರೂರಿಗೆ ಹೇಳುವವನೇ ಅಂದು ಪರೀಕ್ಷೆಯಿಲ್ಲದೆ ಬಿತ್ತಲು ಹೇಳಿದೆ. ಆಮೇಲೆ ಕಚೇರಿಗಳಿಗೆ ಅಲೆದು, ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಿರಣಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ, ಖಾರದ ಪುಡಿ, ಹಪ್ಪಳ, ಹುರಿಹಿಟ್ಟು ಮಾಡುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

೧. ಒಬ್ಬರೇ ಮಾಲೀಕರು ಎಂದರೆ ಏನು?

ನಾಲ್ಕು ಜನ ಕೂಡಿ ವ್ಯಾಪಾರ ಮಾಡಿದರೆ ಅದಕ್ಕೆ ೧೯೩೨ರ ಪಾಲುದಾರಿಕೆ ಕಾಯ್ದೆ ಇದೆ. ಕಂಪನಿ ಕಟ್ಟಿದರೆ ೨೦೧೩ರ ಕಂಪನಿಗಳ ಕಾಯ್ದೆ ಇದೆ. ಒಬ್ಬನೇ ಮಾಲೀಕನಾಗಿ ನಡೆಸುವ ಉದ್ದಿಮೆಯನ್ನು ಹುಟ್ಟಿಸಲು ಇಂಥ ಪ್ರತ್ಯೇಕ ಕಾಯ್ದೆಯಿಲ್ಲ. ನೀವು ಕೆಲಸ ಆರಂಭಿಸಿದರೆ ಉದ್ದಿಮೆ ಹುಟ್ಟಿತು. ಅದರ ಪ್ಯಾನ್ ಸಂಖ್ಯೆ ನಿಮ್ಮದೇ, ಆದಾಯವೂ ನಿಮ್ಮದೇ. ಈ ಸುಲಭತನವೇ ಇದರ ಗುಣ.

ಇದರಲ್ಲೇ ಅಪಾಯವೂ ಇದೆ. ಬಾಗಿಲ ಮೇಲೆ ಯಾವ ದೇವರ ಹೆಸರಿನ ಫಲಕ ಹಾಕಿದರೂ ಕಾನೂನಿನ ಕಣ್ಣಿಗೆ ಗಿರಣಿ ಬೇರೆ, ನೀವು ಬೇರೆ ಅಲ್ಲ. ಗಿರಣಿಯ ಸಾಲ ನಿಮ್ಮ ಸಾಲ, ಗಿರಣಿಯ ದಂಡ ನಿಮ್ಮ ದಂಡ. ಗಿರಣಿ ಮುಳುಗಿದರೆ ಸಾಲಗಾರರು ಯಂತ್ರವನ್ನಷ್ಟೇ ಕೇಳಿ ಸುಮ್ಮನಾಗಬೇಕಿಲ್ಲ, ನಿಮ್ಮ ಸ್ವಂತ ಆಸ್ತಿಯ ಮೇಲೂ ನ್ಯಾಯಾಲಯಕ್ಕೆ ಹೋಗಬಹುದು. ರೈತನ ಉಳುಮೆಯ ಉಪಕರಣ, ಅಗತ್ಯವಾದ ದನ, ಬಿತ್ತನೆಯ ಧಾನ್ಯ, ವಾಸದ ಮನೆ ಇವುಗಳಿಗೆ ಜಪ್ತಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೇ ಕಲಮು ರಕ್ಷಣೆ ಕೊಟ್ಟಿದೆ. ಆದರೆ ನಾವೇ ಅಡಮಾನ ಬರೆದುಕೊಟ್ಟ ಆಸ್ತಿಯ ಮಾತು ಬೇರೆ. ಆದ್ದರಿಂದ ಗಿರಣಿಗೆಂದು ಜಮೀನು ಅಥವಾ ಮನೆ ಅಡವಿಡುವ ಮೊದಲು ಮನೆಯವರೆಲ್ಲ ಕೂತು ಮಾತನಾಡತಕ್ಕದ್ದು. ಕೆಳಗೆ ಹೇಳುವ ಒಂದೊಂದು ಕಾಗದವೂ ಈ ಮನೆಯನ್ನು ಕಾಯಲಿಕ್ಕೇ ಎಂದು ತಿಳಿಯಿರಿ.

೨. ಜಾಗ ಯಾರದು, ಯಾವುದು?

ಮೊದಲ ಪ್ರಶ್ನೆ: ಜಾಗ ಊರಿನ ಗ್ರಾಮಠಾಣಾದಲ್ಲಿದೆಯೋ, ಹೊಲದಲ್ಲಿದೆಯೋ? ಗ್ರಾಮಠಾಣಾದ ನಿವೇಶನವಾದರೆ ಪಂಚಾಯಿತಿಯ ಇ-ಸ್ವತ್ತಿನಿಂದ ನಮೂನೆ ೯ ಮತ್ತು ೧೧ ತೆಗೆಸಿ, ಅಳತೆ ಸರಿಯಿದೆಯೇ ನೋಡಿಕೊಳ್ಳಿ. ಹೊಲವಾದರೆ ಅವಸರ ಬೇಡ. ೧೯೬೪ರ ಕರ್ನಾಟಕ ಭೂಕಂದಾಯ ಕಾಯ್ದೆಯ ೯೫ನೇ ಕಲಮು ಸಾಗುವಳಿ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದರ ಬಗ್ಗೆ ಇದೆ. ನಾವು ಭೂಪರಿವರ್ತನೆ ಎನ್ನುವುದು ಇದನ್ನೇ. ಕಾಲಕಾಲಕ್ಕೆ ಇದಕ್ಕೆ ತಿದ್ದುಪಡಿಗಳೂ ವಿನಾಯಿತಿಗಳೂ ಬಂದಿವೆ. ಆದ್ದರಿಂದ ಸರ್ವೆ ನಂಬರಿನ ಪಹಣಿ ಹಿಡಿದು ತಹಶೀಲ್ದಾರರ ಕಚೇರಿಗೆ ಹೋಗಿ, ನಿಮ್ಮ ಅಳತೆಗೆ, ನಿಮ್ಮ ಉಪಯೋಗಕ್ಕೆ ಈಗ ಯಾವ ನಿಯಮ ಎಂದು ಕೇಳಿ, ಆಮೇಲೆ ಗುದ್ದಲಿ ಹಿಡಿಯಿರಿ.

ಎರಡನೆಯ ಪ್ರಶ್ನೆ: ಜಾಗ ಯಾರ ಹೆಸರಿನಲ್ಲಿದೆ? ತಂದೆಯ ಹೆಸರಿನಲ್ಲಿ ಉಳಿದು, ಅಣ್ಣತಮ್ಮಂದಿರಲ್ಲಿ ಪಾಲಾಗದ ಜಾಗವಾದರೆ ಎಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅಕ್ಕತಂಗಿಯರನ್ನು ಮರೆಯಬೇಡಿ. ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಗಂಡುಮಕ್ಕಳಂತೆಯೇ ಪಿತ್ರಾರ್ಜಿತದ ಸಮಾನ ಹಕ್ಕುದಾರರು. ಗಿರಣಿ ಲಾಭಕ್ಕೆ ಬಂದ ಮೇಲೆ ಏಳುವ ಜಗಳಕ್ಕಿಂತ, ಆರಂಭಕ್ಕೆ ಮೊದಲು ಒಂದು ಸಂಜೆ ಕೂತು ಆಡುವ ಮಾತು ಅಗ್ಗ. ಬಾಡಿಗೆ ಜಾಗವಾದರೆ ಕರಾರುಪತ್ರ ಇರಲಿ. ಬಾಯಿಮಾತು ಯಾವ ಕಚೇರಿಯಲ್ಲೂ ನಡೆಯದು.

೩. ಪಂಚಾಯಿತಿಯ ಅನುಮತಿ

"ನನ್ನ ಜಾಗದಲ್ಲಿ ನಾನು ಯಂತ್ರ ಇಡಲು ಪಂಚಾಯಿತಿಯನ್ನು ಏಕೆ ಕೇಳಬೇಕು?" ಎಂದು ಹಲವರು ಕೇಳುತ್ತಾರೆ. ೧೯೯೩ರ ಪಂಚಾಯತ್ ರಾಜ್ ಕಾಯ್ದೆಯ ೬೬ನೇ ಕಲಮು ವಿದ್ಯುತ್ ಅಥವಾ ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆ, ಕೆಲಸದ ಮನೆ ಇವುಗಳಿಗೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕೆನ್ನುತ್ತದೆ. ಕಟ್ಟಡಕ್ಕೂ ಅನುಮತಿ ಬೇಕು. ಎರಡಕ್ಕೂ ಒಟ್ಟಿಗೇ ಅರ್ಜಿ ಕೊಡಿ. ಕಟ್ಟಡದ ನಕ್ಷೆ, ಜಾಗದ ಕಾಗದ, ಯಂತ್ರ ಎಷ್ಟು ಅಶ್ವಶಕ್ತಿಯದು ಎಂಬ ವಿವರ, ತೆರಿಗೆ ಕಟ್ಟಿದ ರಸೀದಿ ಇವು ಜೊತೆಯಲ್ಲಿರಲಿ. ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು, ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ೨೦೧೧ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗಳಿಗೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಗಡುವಿದೆ. ಆ ಸ್ವೀಕೃತಿಯ ಸಂಖ್ಯೆಯೇ ನಿಮ್ಮ ಕೈಯ ಬಲ.

ನೆರೆಯವರ ಮಾತನ್ನೂ ಇಲ್ಲಿ ಯೋಚಿಸತಕ್ಕದ್ದು. ಗಿರಣಿಯ ಸದ್ದು, ಹಿಟ್ಟಿನ ಧೂಳು ನಿಮಗೆ ಲಾಭದ ಗುರುತಾದರೂ ಪಕ್ಕದ ಮನೆಯ ಬಾಣಂತಿಗೆ, ಕೆಮ್ಮಿನ ಮುದುಕರಿಗೆ ಹಾಗಲ್ಲ. ೨೦೦೦ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬಲ್ ಮಿತಿ ಇಟ್ಟಿವೆ. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ನಿಮ್ಮ ಯಂತ್ರದ ಪ್ರಮಾಣಕ್ಕೆ ಬೇಕೇ ಎಂಬುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ. ಅರ್ಜಿಗೆ ಮೊದಲೇ ನೆರೆಯವರ ಮನೆಗೆ ಹೋಗಿ ಒಂದು ಮಾತು ಹೇಳಿದರೆ ಎಷ್ಟೋ ತಕರಾರು ಹುಟ್ಟುವುದೇ ಇಲ್ಲ.

೪. ವಿದ್ಯುತ್ತು: ಎಲ್ಲರೂ ಎಡವುವ ಕಲ್ಲು

ನಮ್ಮ ರೈತರು ಬಿದ್ದದ್ದು ಇಲ್ಲಿಯೇ. ಪಂಪ್‌ಸೆಟ್ಟಿನ ಸಂಪರ್ಕವನ್ನು ಕೊಟ್ಟಿರುವುದು ನೀರೆತ್ತಲು. ನಮ್ಮ ರಾಜ್ಯದಲ್ಲಿ ೧೦ ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿನ ವಿದ್ಯುತ್ ವೆಚ್ಚವನ್ನು ಸರ್ಕಾರ ಭರಿಸುವುದೂ ಅದೇ ಕಾರಣಕ್ಕೆ. ಆ ತಂತಿಯಿಂದ ಗಿರಣಿ ತಿರುಗಿಸಿದರೆ, ಒಂದೇ ಒಂದು ದಿನವಾದರೂ, ಅದು ೨೦೦೩ರ ವಿದ್ಯುಚ್ಛಕ್ತಿ ಕಾಯ್ದೆಯ ೧೨೬ನೇ ಕಲಮಿನಲ್ಲಿ ಹೇಳಿದ ಅನಧಿಕೃತ ಬಳಕೆ. ಮನೆಯ ದೀಪದ ಸಂಪರ್ಕದಿಂದ ಗಿರಣಿ ನಡೆಸಿದರೂ ಹಾಗೆಯೇ.

ಲೆಕ್ಕ ಹೇಗೆ ಹಾಕುತ್ತಾರೆ ಎಂಬುದನ್ನು ಗಮನಿಸಿ. ನೀವು ನಡೆಸಿದ ಕೆಲಸಕ್ಕೆ ಅನ್ವಯಿಸುವ ದರದ ಎರಡರಷ್ಟು ವಸೂಲಿ. ಎಂದಿನಿಂದ ನಡೆಯುತ್ತಿದೆ ಎಂದು ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ ೧೨ ತಿಂಗಳಿಗೆ ಲೆಕ್ಕ. ನಮ್ಮವರು ನಾಲ್ಕೇ ತಿಂಗಳು ನಡೆಸಿದ್ದರು. ಯಂತ್ರ ಕೊಂಡ ರಸೀದಿಯನ್ನು ಜೋಪಾನ ಮಾಡಿದ್ದರಿಂದ ತಾರೀಖು ತೋರಿಸಿ ಇಡೀ ವರ್ಷದ ಲೆಕ್ಕದಿಂದ ಪಾರಾದರು. ರಸೀದಿ ಎಂಬ ಚೂರು ಕಾಗದದ ಬೆಲೆ ಅಂದು ನನಗೆ ತಿಳಿಯಿತು. ಇಂಥ ನೋಟೀಸು ಬಂದರೆ ಹೆದರಿ ಮೂಲೆಗಿಡಬೇಡಿ. ಮೊದಲು ಬರುವುದು ತಾತ್ಕಾಲಿಕ ಲೆಕ್ಕ. ಅದಕ್ಕೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು ನಿಮ್ಮ ಮಾತು ಹೇಳಲು ಅವಕಾಶವಿದೆ. ಅಂತಿಮ ಆದೇಶದ ಮೇಲೆ ೩೦ ದಿನದೊಳಗೆ ಮೇಲ್ಮನವಿಯೂ ಉಂಟು, ಆದರೆ ಅದಕ್ಕೆ ಅರ್ಧ ಹಣ ಮೊದಲೇ ಕಟ್ಟಬೇಕು.

ಸರಿಯಾದ ದಾರಿ ಇಷ್ಟೇ: ಪಂಚಾಯಿತಿಯ ಅನುಮತಿ ಕೈಗೆ ಬಂದೊಡನೆ ಬೆಸ್ಕಾಂ, ಚೆಸ್ಕಾಂ, ಹೀಗೆ ನಿಮ್ಮ ಭಾಗದ ಕಂಪನಿಯ ಉಪವಿಭಾಗಕ್ಕೆ ಗಿರಣಿಗೆಂದೇ ಬೇರೆ ಸಂಪರ್ಕಕ್ಕೆ ಅರ್ಜಿ ಕೊಡಿ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ತಂತಿ ಹಾಕಿಸಿ. ಠೇವಣಿ, ಕಂಬ, ತಂತಿಯ ಖರ್ಚನ್ನು ಸಾಲದ ಲೆಕ್ಕದಲ್ಲಿ ಮೊದಲೇ ಸೇರಿಸಿ. ಬಹಳ ಜನ ಇದನ್ನು ಬಿಟ್ಟು ಲೆಕ್ಕ ಹಾಕಿ, ಕೊನೆಗೆ ಹಣವಿಲ್ಲದೆ ಪಂಪ್‌ಸೆಟ್ಟಿನ ತಂತಿಗೆ ಕೈ ಹಾಕುತ್ತಾರೆ.

೫. ಆಹಾರದ ನೋಂದಣಿ

ಹಿಟ್ಟು ಆಹಾರ. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಆಹಾರದ ಉದ್ದಿಮೆ ನಡೆಸುವ ಸಣ್ಣವರೂ ನೋಂದಣಿ ಮಾಡಿಸಬೇಕು. ೨೦೧೧ರ ನಿಯಮಗಳು ವರ್ಷದ ವಹಿವಾಟು ೧೨ ಲಕ್ಷ ರೂಪಾಯಿ ಮೀರದವರಿಗೆ ಪರವಾನಗಿಯ ಬದಲು ಬರೇ ನೋಂದಣಿ ಸಾಕೆಂದು, ಅದಕ್ಕೆ ವರ್ಷಕ್ಕೆ ೧೦೦ ರೂಪಾಯಿ ಶುಲ್ಕವೆಂದು ಇಟ್ಟವು. ಇಂಥ ಮಿತಿ ಮತ್ತು ಶುಲ್ಕಗಳು ತಿದ್ದುಪಡಿಯಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಯಾವುದಿದೆಯೋ ಅದನ್ನು ನೋಡಿಕೊಂಡೇ ಕಟ್ಟಿ. ಸಣ್ಣವರ ಅರ್ಜಿ ನಮೂನೆ 'ಎ'. ಒಂದು ಭಾವಚಿತ್ರ, ಗುರುತಿನ ಚೀಟಿ ಮುಖ್ಯ ದಾಖಲೆಗಳು. ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಓದು ಬಲ್ಲ ಮಗನೋ ಮಗಳೋ ಇದ್ದರೆ ಅವರಿಂದಲೇ ಹಾಕಿಸಿ. ಬರುವ ೧೪ ಅಂಕಿಗಳ ಸಂಖ್ಯೆಯ ಪತ್ರವನ್ನು ಗಿರಣಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿ.

ಕಾಗದದ ಜೊತೆಗೆ ಶುಚಿತ್ವವೂ ಕಾನೂನೇ. ಇಲಿ, ಹುಳು ಸೇರದಂತೆ ನೋಡುವುದು, ಅಂಟುರೋಗವಿರುವವರನ್ನು ಹಿಟ್ಟಿನ ಕೆಲಸಕ್ಕೆ ಬಿಡದಿರುವುದು, ಮೆಣಸಿನಕಾಯಿ ಬೀಸಿದ ಕಲ್ಲನ್ನು ಒರೆಸದೆ ರಾಗಿ ಸುರಿಯದಿರುವುದು, ಇವು ಗಿರಾಕಿಯ ವಿಶ್ವಾಸಕ್ಕೂ ಬೇಕಾದ ಮಾತುಗಳು.

೬. ತಕ್ಕಡಿ ಮತ್ತು ಪೊಟ್ಟಣ

ಮೊದಲಲ್ಲೇ ಹತ್ತು ಸೇರು ರಾಗಿ ಎಂದೆ. ಮನೆಯ ಮಾತಿಗೆ ಸೇರು, ಬಳ್ಳ ನಡೆಯುತ್ತದೆ. ವ್ಯಾಪಾರಕ್ಕೆ ಕಾನೂನು ಒಪ್ಪುವುದು ಕಿಲೋ ಮತ್ತು ಗ್ರಾಂ ಮಾತ್ರ. ೨೦೦೯ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ನಿಮ್ಮ ತಕ್ಕಡಿಯನ್ನು ಇಲಾಖೆಯ ಪರಿಶೀಲನೆಗೆ ಕೊಟ್ಟು ಮುದ್ರೆ ಹಾಕಿಸಬೇಕು. ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ, ದಂಡದ ತಕ್ಕಡಿಗೂ ತೂಕದ ಕಲ್ಲುಗಳಿಗೂ ಎರಡು ವರ್ಷಕ್ಕೊಮ್ಮೆ ಮರುಮುದ್ರೆ. ಪ್ರಮಾಣಪತ್ರ ಗೋಡೆಯ ಮೇಲಿರಲಿ.

ತಂದ ಧಾನ್ಯ ಬೀಸಿಕೊಡುವುದಷ್ಟೇ ಆದರೆ ಇಷ್ಟು ಸಾಕು. ನೀವೇ ರಾಗಿ ಕೊಂಡು, ಹಿಟ್ಟು ಮಾಡಿ, ಪೊಟ್ಟಣ ಕಟ್ಟಿ ಮಾರಿದರೆ ಕೆಲಸ ಹೆಚ್ಚು. ಪೊಟ್ಟಣದ ಮೇಲೆ ಪದಾರ್ಥದ ಹೆಸರು, ನಿಮ್ಮ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಾರೀಖು, ಎಲ್ಲಿಯವರೆಗೆ ಬಳಸಬಹುದು, ತಂಡದ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗೆ ಫೋನ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಆಹಾರ ನೋಂದಣಿಯ ಸಂಖ್ಯೆ ಇವು ಇರಬೇಕು. ಪೊಟ್ಟಣ ಕಟ್ಟುವವರು ಆರಂಭಿಸಿದ ೯೦ ದಿನದೊಳಗೆ ಮಾಪನಶಾಸ್ತ್ರ ಇಲಾಖೆಯಲ್ಲಿ ಹೆಸರು ನೋಂದಿಸಲು ಅರ್ಜಿ ಕೊಡಬೇಕೆಂದು ೨೦೧೧ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಸಾವಿರಾರು ಚೀಲ ಮುದ್ರಿಸುವ ಮೊದಲು ಒಂದು ಮಾದರಿಯನ್ನು ಅಧಿಕಾರಿಗೆ ತೋರಿಸಿ. ತಪ್ಪಾದ ಚೀಲ ರದ್ದಿಗೂ ಬಾರದು.

೭. ಉದ್ಯಮ್ ನೋಂದಣಿ, ತೆರಿಗೆ, ಲೆಕ್ಕ

೨೦೨೦ರ ಜುಲೈ ೧ರಿಂದ ಸಣ್ಣ ಉದ್ದಿಮೆಗಳಿಗೆ 'ಉದ್ಯಮ್' ನೋಂದಣಿ ಬಂದಿದೆ. ಒಬ್ಬರೇ ಮಾಲೀಕರಾದರೆ ಅವರ ಆಧಾರ್ ಮತ್ತು ಪ್ಯಾನ್ ಸಂಖ್ಯೆಯಿಂದ ಆಗುತ್ತದೆ. ಸರ್ಕಾರಿ ಜಾಲತಾಣದಲ್ಲಿ ಇದಕ್ಕೆ ಶುಲ್ಕವಿಲ್ಲ, ದಾಖಲೆ ಸೇರಿಸಬೇಕಿಲ್ಲ. ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ತಾಣಗಳು ಹಣ ಕೇಳುತ್ತವೆ, ಮೋಸ ಹೋಗಬೇಡಿ. ಈ ಪತ್ರದಿಂದ ಬ್ಯಾಂಕಿನ ಸಾಲಕ್ಕೆ ಅನುಕೂಲ. ಹಿಟ್ಟು ಕೊಂಡವರು ಹಣ ತಡೆಹಿಡಿದರೂ ಉಪಯೋಗ ಉಂಟು. ೨೦೦೬ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ ಕರಾರಿನಲ್ಲಿ ಏನೇ ಬರೆದಿದ್ದರೂ ೪೫ ದಿನ ಮೀರಿ ಬಾಕಿ ಇಡುವಂತಿಲ್ಲ.

ಜಿ.ಎಸ್.ಟಿ. ಎಂದೊಡನೆ ಹೆದರಬೇಕಿಲ್ಲ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು ೪೦ ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ ೨೦ ಲಕ್ಷ ದಾಟಿದರೆ ನೋಂದಣಿ. ಕೂಲಿಗೆ ಬೀಸುವುದು ಸೇವೆ. ಆದರೆ ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವ ಯೋಚನೆಯಿದ್ದರೆ ಮೊದಲೇ ತೆರಿಗೆ ಸಲಹೆಗಾರರನ್ನು ಕೇಳಿ.

ಇನ್ನೊಂದು ಮಾತು ಮುಖ್ಯ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಊರವರ ರಾಗಿ ಬೀಸಿ ಪಡೆದ ಕೂಲಿ ಬೇಸಾಯದ ಆದಾಯವಲ್ಲ, ಅದು ವ್ಯಾಪಾರದ್ದು. ಎರಡನ್ನೂ ಒಂದೇ ಮಡಕೆಗೆ ಸುರಿದರೆ ಕೇಳಿದಾಗ ಬೇರ್ಪಡಿಸಲು ಆಗುವುದಿಲ್ಲ. ಗಿರಣಿಗೆ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆಯಿರಿ. ದಿನವೂ ಒಂದು ಪುಸ್ತಕದಲ್ಲಿ ಬಂದದ್ದು, ಹೋದದ್ದು ಬರೆಯಿರಿ. ಮನೆಗೆ ತೆಗೆದುಕೊಂಡ ಹಣವನ್ನೂ ಬರೆಯಿರಿ. ಕಾನೂನು ಗಿರಣಿಗೂ ಮನೆಗೂ ನಡುವೆ ಗೋಡೆ ಕಟ್ಟಿಲ್ಲ. ಆ ಗೋಡೆಯನ್ನು ಲೆಕ್ಕದ ಪುಸ್ತಕದಲ್ಲಿ ನೀವೇ ಕಟ್ಟಿಕೊಳ್ಳಬೇಕು.

೮. ಕೆಲಸದವರು, ಮಕ್ಕಳು

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಡುವುದು ಅಪರಾಧ. ೧೯೮೬ರ ಕಾಯ್ದೆಯನ್ನು ೨೦೧೬ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಮನೆಯ ಮಕ್ಕಳು ಶಾಲೆ ಮುಗಿದ ಮೇಲೆ ಮನೆಯ ಉದ್ದಿಮೆಯಲ್ಲಿ ನೆರವಾಗಬಹುದು, ಆದರೆ ಅಪಾಯದ ಕೆಲಸದಲ್ಲಿ ಅಲ್ಲ. ಲೆಕ್ಕ ಬರೆಯಲಿ, ಬೆಲ್ಟಿನ ಹತ್ತಿರ ಸುಳಿಯದಿರಲಿ. ಬೆಲ್ಟಿಗೆ ಜಾಲರಿಯ ಮರೆ ಹಾಕಿಸಿ. ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ಲು ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು.

೯. ಮಾಲೀಕರು ತೀರಿಕೊಂಡರೆ?

ಕೇಳಲು ಕಹಿಯಾದರೂ ಕೇಳಲೇಬೇಕಾದ ಪ್ರಶ್ನೆ. ಒಬ್ಬರದೇ ಉದ್ದಿಮೆ ಆ ಒಬ್ಬರ ಜೊತೆಗೇ ಮುಗಿಯುತ್ತದೆ. ಆಹಾರ ನೋಂದಣಿ ಮಾತ್ರ ವಾರಸುದಾರರ ಅನುಕೂಲಕ್ಕೆ ೯೦ ದಿನ ಉಳಿಯುತ್ತದೆ ಎಂದು ೨೦೧೧ರ ನಿಯಮದಲ್ಲಿದೆ. ಅಷ್ಟರಲ್ಲಿ ಹೆಂಡತಿಯೋ ಮಕ್ಕಳೋ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆದ್ದರಿಂದ ಕಾಗದಗಳೆಲ್ಲ ಎಲ್ಲಿವೆ, ಸಾಲ ಎಷ್ಟಿದೆ ಎಂಬುದು ಮನೆಯಾಕೆಗೆ ಗೊತ್ತಿರಲಿ. ಖಾತೆಗೆ ನಾಮನಿರ್ದೇಶನ ಮಾಡಿಸಿ.

ಕ್ರಮ ಹೀಗಿರಲಿ

ಮೊದಲು ಜಾಗದ ಕಾಗದ, ಮನೆಯವರ ಒಪ್ಪಿಗೆ. ಎರಡನೆಯದು ಪಂಚಾಯಿತಿಯ ಅನುಮತಿ. ಮೂರನೆಯದು ಉದ್ಯಮ್ ನೋಂದಣಿ, ಬ್ಯಾಂಕ್ ಖಾತೆ, ಸಾಲದ ಮಂಜೂರಾತಿ. ನಾಲ್ಕನೆಯದು ವಿದ್ಯುತ್ ಸಂಪರ್ಕ. ಐದನೆಯದು ಯಂತ್ರ. ಆರನೆಯದು ಆಹಾರ ನೋಂದಣಿ, ತಕ್ಕಡಿಯ ಮುದ್ರೆ. ಏಳನೆಯದು ಮೊದಲ ಗಿರಾಕಿ. ನಾವು ಮಾಡಿದ್ದು ಐದನೆಯದನ್ನು ಮೊದಲಿಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಮಿಕ್ಕವನ್ನು ಆಮೇಲೆ ಮಾಡಬೇಕಾಯಿತು.

ಆ ರೈತರ ಗಿರಣಿ ಈಗ ಊರೊಳಗಿನ ಅವರ ನಿವೇಶನದಲ್ಲಿದೆ, ತನ್ನದೇ ಮೀಟರಿನ ಮೇಲೆ ತಿರುಗುತ್ತಿದೆ. ಪಂಚಾಯಿತಿಗೂ ವಿದ್ಯುತ್ ಕಚೇರಿಗೂ ಅರ್ಜಿ ಹಿಡಿದು ನಾನೂ ಅವರ ಜೊತೆ ನಡೆದೆ. ಮಾರಿದ ಹಸುಗಳಲ್ಲಿ ಒಂದರ ಬದಲು ಮತ್ತೊಂದನ್ನು ತಂದಿದ್ದಾರೆ, ಎರಡನೆಯದು ಇನ್ನೂ ಬಂದಿಲ್ಲ. ಮೊನ್ನೆ ಹೋದಾಗ ಅವರ ಸೊಸೆ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಒಂದು ದಿನವೂ ಬಿಡದೆ ಬರೆದಿದ್ದಾರೆ.

ನಿಮ್ಮಲ್ಲಿ ಯಾರಿಗಾದರೂ ಗಿರಣಿ, ಖಾರದ ಪುಡಿ, ಹಪ್ಪಳ ಇಂಥ ಯಾವುದೇ ಉದ್ದಿಮೆಯ ಯೋಚನೆ ಇದ್ದರೆ, ಯಂತ್ರದ ಅಂಗಡಿಗೆ ಮುಂಗಡ ಕೊಡುವ ಮೊದಲು ಜಾಗದ ಕಾಗದ ಹಿಡಿದು ಪಂಚಾಯಿತಿ ಕಚೇರಿಗೆ ಬನ್ನಿ. ಕೂತು ಒಂದೊಂದಾಗಿ ನೋಡೋಣ. "ಆಮೇಲೆ ನೋಡೋಣ" ಎಂಬ ಮಾತನ್ನು ಮಾತ್ರ ನಾನು ಇನ್ನು ಹೇಳುವುದಿಲ್ಲ.

ನಿಮ್ಮ ಗ್ರಾಮಸೇವಕ